ರೊಟ್ಟಿ ಕೇಂದ್ರದ ಗಿಡ್ಡ ಸ್ಟೂಲು

ನನ್ನ ಮೂರು ಕಾಲು ಬೇವಿನವು, ಒಂದು ಜಾಲಿಯದು. ನನ್ನನ್ನು ಹತ್ತಿರದಿಂದ ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ, ಅದಕ್ಕೆ ಮೊದಲೇ ಹೇಳಿಬಿಟ್ಟೆ. ನಾನು ಒಂದು ಸ್ಟೂಲು. ಬಿಜಾಪುರದ ಬಡಿಗೇರ ಮೋನಪ್ಪ ನನ್ನನ್ನು ಮಾಡಿದ. ಯಾರದೋ ಮನೆಯ ಬಾಗಿಲ ಚೌಕಟ್ಟಿಗೆ ತಂದ ಮರದಲ್ಲಿ ಉಳಿದ ತುಂಡುಗಳು ನಾನಾದವು. ನಾಲ್ಕನೆಯ ಕಾಲಿಗೆ ಬೇವು ಸಾಲಲಿಲ್ಲ. ಅಂಗಳದಲ್ಲಿ ಬಿದ್ದಿದ್ದ ಜಾಲಿಯ ಕೊರಡನ್ನು ಕೆತ್ತಿ ಕೂರಿಸಿದ. ಆಮೇಲೆ ತಾನೇ ನನ್ನ ಮೇಲೆ ಕೂತು ಅತ್ತಿತ್ತ ವಾಲಾಡಿ ನೋಡಿದ. ನಾನು ಅಲುಗಲಿಲ್ಲ.

"ಮೂರು ಕಹಿ, ಒಂದು ಗಟ್ಟಿ. ನಡೀತೈತಿ," ಎಂದ.

ನನ್ನ ಹಲಗೆಯ ಅಡಿಯಲ್ಲಿ ಅಡ್ಡಪಟ್ಟಿ ಕೂಡುವ ಕಡೆ ಉಳಿ ಜಾರಿ ಒಂದು ಸಂದು ಉಳಿದಿತ್ತು. ಮೋನಪ್ಪನ ಹೆಂಡತಿ ಅದನ್ನು ತೋರಿಸಿದಳು. ಅವನು, "ಕೆಳಗ ಯಾರ ಬಗ್ಗಿ ನೋಡ್ತಾರ ಬಿಡ," ಎಂದು ಹಾಗೇ ಬಿಟ್ಟ. ಅವನು ಹೇಳಿದ್ದು ಬಹಳ ವರ್ಷ ನಿಜವಾಗಿತ್ತು.

ನಾನು ಮೊದಲು ಸೇರಿದ್ದು ದತ್ತೋಬಾನ ಫೋಟೋ ಸ್ಟುಡಿಯೋಕ್ಕೆ. ಆಗ ನಾನು ಎತ್ತರ ಇದ್ದೆ, ಮೈಗೆ ಕಪ್ಪು ಬಣ್ಣ. ಹಿಂದೆ ಒಂದು ಪರದೆ, ಅದರ ಮೇಲೆ ಯಾರೂ ನೋಡದ ಊರಿನ ಕೊಳ, ಕೊಳದಲ್ಲಿ ಹಂಸ. ಪರೀಕ್ಷೆಯ ಅರ್ಜಿಗೆ, ಪಡಿತರ ಚೀಟಿಗೆ, ಗಂಡಿನ ಮನೆಗೆ ಕಳಿಸಲಿಕ್ಕೆ ಅಂತ ಜನ ಬಂದು ನನ್ನ ಮೇಲೆ ಕೂರುತ್ತಿದ್ದರು. ದತ್ತೋಬಾ ಕರಿ ಬಟ್ಟೆಯೊಳಗೆ ತಲೆ ತೂರಿಸಿ ಕೂಗುತ್ತಿದ್ದ:

"ಅಲಗಬ್ಯಾಡ್ರಿ! ಉಸರ ಹಿಡೀರಿ!"

ಎಲ್ಲರೂ ಉಸಿರು ಹಿಡಿಯುತ್ತಿದ್ದರು. ಮೇಲಿರುವವರ ಮುಖ ನನಗೆ ಕಾಣುವುದಿಲ್ಲ. ಅವರ ಭಾರ ಗೊತ್ತಾಗುತ್ತದೆ, ಉಸಿರು ಗೊತ್ತಾಗುತ್ತದೆ. ಹೆದರಿದವರ ಉಸಿರು ಮರಕ್ಕೆ ಬೇರೆ ಥರ ತಟ್ಟುತ್ತದೆ, ಖುಷಿಯಲ್ಲಿದ್ದವರದು ಬೇರೆ ಥರ. ಫೋಟೋ ಮುಗಿದು "ಬಿಡ್ರಿ" ಎಂದಾಗ ಎಲ್ಲರೂ ಒಂದೇ ಥರ ಹಗುರಾಗುತ್ತಿದ್ದರು. ಉಸಿರು ಅಂದರೆ ಹಿಡಿಯುವುದು, ಬಿಡುವುದು, ಅಷ್ಟೇ ಅಂತ ನಾನು ಅಲ್ಲಿ ತಿಳಿದುಕೊಂಡಿದ್ದೆ. ಬಿಡಲಿಕ್ಕೂ ಕಷ್ಟಪಡುವವರು ಇರುತ್ತಾರೆ ಎಂದು ಗೊತ್ತಿರಲಿಲ್ಲ.

ಎಲ್ಲರ ಕೈಗೂ ಫೋನು ಬಂತು. ಹಂಸದ ಪರದೆಗೆ ಇಲಿ ಬಿತ್ತು. ಅಂಗಡಿ ಮುಚ್ಚುವ ದಿನ ದತ್ತೋಬಾ ನನ್ನನ್ನು ಎತ್ತಿಕೊಂಡು, ಅದೇ ಸಾಲಿನ ತುದಿಯಲ್ಲಿದ್ದ ದವಾಖಾನೆಗೆ ನಡೆದ. ಅಲ್ಲಿ ಎದೆಯ ರೋಗಗಳನ್ನು ನೋಡುವ ಡಾಕ್ಟರಬಾಯಿ ಮಮದಾಪುರ ಇದ್ದರು. "ಇದು ಕುಂದ್ರಿಸಿ ಕುಂದ್ರಿಸಿ ರೂಢಿ ಆದ ಸ್ಟೂಲ್ ಐತ್ರಿ," ಎಂದು ನನ್ನನ್ನು ಕೊಟ್ಟು, ನನ್ನ ಹಲಗೆಯ ಮೇಲೊಮ್ಮೆ ಕೈಯಾಡಿಸಿ ಹೋದ.

ದವಾಖಾನೆಯಲ್ಲಿ ನನಗೆ ಬಿಳಿ ಬಣ್ಣ ಬಳಿದರು. ಮಾತು ತಿರುವುಮುರುವಾಯಿತು. "ಉಸಿರು ಹಿಡೀರಿ" ಎಂದು ಕೇಳುತ್ತಿದ್ದ ನಾನು ಈಗ, "ಉಸಿರು ಎಳೀರಿ, ಜೋರಾಗಿ ಬಿಡ್ರಿ, ಮತ್ತ ಎಳೀರಿ," ಎಂದು ಕೇಳತೊಡಗಿದೆ. ಡಾಕ್ಟರಬಾಯಿ ರೋಗಿಗಳ ಬೆನ್ನಿಗೆ ಕೊಳವೆ ಇಟ್ಟು ಆಲಿಸುತ್ತಿದ್ದರು. ಕೆಲವು ಎದೆ ಪಂಕ್ಚರ್ ಆದ ಟ್ಯೂಬಿನ ಹಾಗೆ ಸುಯ್ ಎನ್ನುತ್ತಿದ್ದವು. ಕೆಲವು ಹುರಿಯುವ ಎಳ್ಳಿನ ಹಾಗೆ ಚಟಪಟ ಎನ್ನುತ್ತಿದ್ದವು. ಕಲ್ಲು ಒಡೆಯುವವರು, ಹತ್ತಿ ಗಿರಣಿಯವರು, ಬೀಡಿ ಬಿಡಲಾಗದ ಮುದುಕರು, ಎಲ್ಲರನ್ನೂ ಹೊತ್ತಿದ್ದೇನೆ. ಅವರಲ್ಲಿ ಬಂಗಾರೆವ್ವನಷ್ಟು ಹಗುರ ಯಾರೂ ಇರಲಿಲ್ಲ.

ಅವಳು ಬಂದು ಕೂತಾಗ ಜೋಳದ ಹಿಟ್ಟಿನ ವಾಸನೆ ಬಂತು, ಹಿಂದೆಯೇ ಹೊಗೆಯ ವಾಸನೆ. ಜೊತೆಗೆ ಬಂದಿದ್ದ ಹೆಂಗಸು ಅವಳ ಹೆಗಲು ಹಿಡಿದು ನಿಂತಿದ್ದಳು. ಆ ಹೆಂಗಸಿನ ಹೆಸರು ಮಾಲನಬಿ. ಇಬ್ಬರೂ ಸೇರಿ ಗಲ್ಲಿಯೊಳಗೆ ಒಂದು ರೊಟ್ಟಿ ಕೇಂದ್ರ ನಡೆಸುತ್ತಿದ್ದರು. ಬಂಗಾರೆವ್ವ ಬಡಿದ ಖಡಕ್ ರೊಟ್ಟಿ ಕಾಗದದಷ್ಟು ತೆಳ್ಳಗೆ, ಮುರಿದರೆ ಚಟ್ ಎನ್ನಬೇಕು. ದೂರದೂರಿಗೆ ಹೋಗುವವರು ಅವಳ ರೊಟ್ಟಿಯನ್ನೇ ಬೇಕೆಂದು ಕೇಳಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ಇದೆಲ್ಲ ಮಾಲನಬಿಯೇ ಹೇಳಿದ್ದು. ಬಂಗಾರೆವ್ವನಿಗೆ ಅಷ್ಟು ಮಾತಾಡಲು ಉಸಿರಿರಲಿಲ್ಲ.

"ನೀವು ಹೇಳ್ರಿ. ಏನಾಗತದ?" ಎಂದರು ಡಾಕ್ಟರಬಾಯಿ.

"ಕೆಮ್ಮು ಇದ್ದದ್ದ ಐತ್ರಿ. ಅದಕ್ಕೇನಿಲ್ಲ." ಬಂಗಾರೆವ್ವ ಮಾತು ತಡೆದು ಉಸಿರು ಕೂಡಿಸಿಕೊಂಡಳು. "ದಣವು ನೋಡ್ರಿ. ಮುಂಜಾನೆ ಏಳೂದ್ರಾಗ ಮೈಗೆ ಸಂಜಿ ಆಗಿರ್ತೈತಿ."

ಡಾಕ್ಟರಬಾಯಿ ಕೊಳವೆ ಇಟ್ಟರು. ಅವಳ ಎದೆಯೊಳಗಿನ ಸದ್ದು ನನಗೂ ಮರದ ಮೂಲಕ ಇಳಿದು ಬಂತು. ದಪ್ಪ ಅಂಬಲಿ ಒಲೆಯ ಮೇಲೆ ಬುಳುಬುಳು ಅನ್ನುತ್ತದಲ್ಲ, ಹಾಗೆ.

ಹಲವು ವರ್ಷಗಳ ಹಿಂದೆ ಅವಳಿಗೆ ಕ್ಷಯ ಆಗಿತ್ತು. ಪೂರ್ತಿ ಔಷಧಿ ತೆಗೆದುಕೊಂಡು ಗುಣವಾಗಿದ್ದಳು. ಎದೆಯ ಎಕ್ಸ್‌ರೇ ತೆಗೆಸಿ, ಕಫ ಪರೀಕ್ಷೆ ಮಾಡಿಸಿ, ಮುಂದಿನ ಸಲ ಬಂದಾಗ ಡಾಕ್ಟರಬಾಯಿ ವಿಷಯ ಬಿಡಿಸಿ ಹೇಳಿದರು. "ಆ ಹಳೇ ರೋಗ ಈಗಿಲ್ಲ. ಆದರ ಅದು ಓಡಾಡಿದ ಕಡೆ ಎದಿಯೊಳಗಿನ ಉಸಿರಿನ ದಾರಿ ಸಡಲಾಗಿ ಅಗಲ ಆಗ್ಯದ. ಅಲ್ಲಿ ಕಫ ನಿಂತು ಕೊಳೀತದ. ಮ್ಯಾಲಿಂದ ಮ್ಯಾಲ ಸೋಂಕು ಹತ್ತತದ. ಅದರ ಕೂಡ ಬಡದಾಡಿ ಮೈ ದಣೀತದ."

"ಗಟಾರ ಕಟ್ಟಿದಂಗ," ಎಂದಳು ಬಂಗಾರೆವ್ವ.

"ಹೂಂ, ಹಂಗ."

"ತಗದು ಒಗೀರಿ ಹಂಗಾರ," ಎಂದಳು ಮಾಲನಬಿ.

"ಅದನ್ನ ತಗಿಯೂದು ನಿಮ್ಮ ಕೈಯಾಗ ಅದ," ಎಂದು ಡಾಕ್ಟರಬಾಯಿ ನಕ್ಕರು. ಮಾಲನಬಿ ತನ್ನ ಕೈ ನೋಡಿಕೊಂಡಳು.

ಸೋಂಕು ಮತ್ತೆ ಮತ್ತೆ ಬರದಿರಲು ಸೋಮವಾರ, ಬುಧವಾರ, ಶುಕ್ರವಾರ ಒಂದೊಂದು ಗುಳಿಗೆ. ಅದು ವಾರವೋ ತಿಂಗಳೋ ಅಲ್ಲ, ಬಹಳ ದಿನ. ಹೊಗೆಯಿಂದ ದೂರ. ದಿನಾ ಮುಂಜಾನೆ ಮುಂದಕ್ಕೆ ಬಾಗಿ ಕೂತು, ಇನ್ನೊಬ್ಬರಿಂದ ಬೆನ್ನು ತಟ್ಟಿಸಿಕೊಂಡು ಕಫ ಉಗುಳಬೇಕು. ಗುಳಿಗೆ ಶುರು ಮಾಡುವ ಮೊದಲು ಅವಳ ಎದೆಬಡಿತ ನೋಡಿದರು, ಕಿವಿ ನೋಡಿದರು. "ಕಿವ್ಯಾಗ ಗುಂಯ್ ಅಂದ್ರ, ಹೊಟ್ಟಿ ಕೆಟ್ರ, ಎದಿ ಡವಡವ ಅಂದ್ರ ನನಗ ಬಂದು ಹೇಳಬೇಕು. ನೀವ ಬಿಡೂದಲ್ಲ," ಎಂದರು.

"ಗುಂಯ್ ಅನ್ನೂದು ದಿನಾ ಐತ್ರಿ. ಇಕಿ ಬಾಯಿ," ಎಂದು ಬಂಗಾರೆವ್ವ ಗೆಳತಿಯ ಕಡೆ ಕೈ ಮಾಡಿದಳು.

ಬೆನ್ನು ತಟ್ಟುವುದನ್ನು ನನ್ನ ಮೇಲೆ ಕೂರಿಸಿಯೇ ಕಲಿಸಿಕೊಟ್ಟರು. ಆದರೆ ಮರುವಾರ ಬಂದಾಗ ಬಂಗಾರೆವ್ವನ ಬೆನ್ನು ಕೆಂಪಾಗಿತ್ತು. ಡಾಕ್ಟರಬಾಯಿ ಗಾಬರಿಯಾದರು.

"ಹೆಂಗ ತಟ್ಟತೀರಿ, ತೋರಸ್ರಿ."

ಮಾಲನಬಿ ಸೀರೆಯ ಸೆರಗು ಸಿಕ್ಕಿಸಿ ತಟ್ಟಿದಳು. ಅಂಗೈ ಚಪ್ಪಟೆ, ಬೆರಳು ಅಗಲ, ಏಟು ಬಿದ್ದ ಕೂಡಲೇ ಕೈ ಒಂದಿಷ್ಟು ತಿರುಗುತ್ತಿತ್ತು. ತಪ್, ತಪ್, ತಪ್. ನಾನು ಒಳಗೊಳಗೇ ನಡುಗಿದೆ. ಇಡೀ ಬಿಜಾಪುರದಲ್ಲಿ ಯಾವ ಹೆಂಗಸಿಗೂ ಆ ಸದ್ದು ಗುರುತಾಗುತ್ತಿತ್ತು. ಅವಳು ಬೆನ್ನು ತಟ್ಟುತ್ತಿರಲಿಲ್ಲ, ಗೆಳತಿಯ ಬೆನ್ನ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಹುಡುಗಿಯಾಗಿದ್ದಾಗಿನಿಂದ ಬಡಿದ ಕೈ. ಅದಕ್ಕೆ ಬೇರೆ ಏಟು ಗೊತ್ತಿರಲಿಲ್ಲ.

"ನಿಮಗರೆ ಗೊತ್ತಾಗಲಿಲ್ಲೇನ್ರಿ?" ಎಂದು ಡಾಕ್ಟರಬಾಯಿ ಬಂಗಾರೆವ್ವನನ್ನು ಕೇಳಿದರು.

"ಗೊತ್ತಾಗಿತ್ರಿ. ಇನ್ನೊಂದೀಟು ಬಡದಿದ್ರ ಹಂಚಿಗೆ ಹಾಕಬಹುದಿತ್ತು."

ಮೂವರೂ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಆಮೇಲೆ ಡಾಕ್ಟರಬಾಯಿ ಮಾಲನಬಿಯ ಕೈ ಹಿಡಿದು ಬೆರಳುಗಳನ್ನು ಕೂಡಿಸಿ, ಅಂಗೈಯನ್ನು ನೀರು ಮೊಗೆಯುವ ಹಾಗೆ ಬಾಗಿಸಿದರು. "ಬೊಗಸಿ ಮಾಡ್ರಿ. ಒಳಗ ಗಾಳಿ ಇರಬೇಕು. ಗಾಳಿ ತಟ್ಟಬೇಕು, ಕೈ ಅಲ್ಲ." ಸದ್ದು ಬದಲಾಯಿತು. ಡುಬ್, ಡುಬ್, ಡುಬ್. ಆ ಸದ್ದು ಬೆನ್ನಿಗೆ ನೋವು ಕೊಡದೆ ಒಳಗಿಳಿದು, ನನ್ನ ನಾಲ್ಕೂ ಕಾಲುಗಳಲ್ಲಿ ಹರಿದು ನೆಲ ಸೇರಿತು. ಅಂಬಲಿಯ ಬುಳುಬುಳು ಮೆಲ್ಲನೆ ಜಾಗ ಬಿಟ್ಟು ಕದಲಿದ್ದು ನನಗೆ ತಿಳಿಯಿತು.

ಅದಾದ ಸ್ವಲ್ಪ ದಿನಕ್ಕೆ ದವಾಖಾನೆಗೆ ತಿರುಗುವ ಉಕ್ಕಿನ ಸ್ಟೂಲುಗಳು ಬಂದವು. ನನ್ನನ್ನು ಬಾಗಿಲ ಹೊರಗೆ ಇಟ್ಟರು. ಬಂಗಾರೆವ್ವ ನೆಲದ ಮೇಲೆ ಮಂಡಿ ಮಡಚಿ ಬಾಗಿ ರೊಟ್ಟಿ ಬಡಿಯುತ್ತಾಳೆ, ಹೊಟ್ಟೆ ಎದೆಯನ್ನು ಒತ್ತಿ ಉಸಿರಿಗೆ ಜಾಗವೇ ಇರುವುದಿಲ್ಲ ಎಂದು ತಿಳಿದಾಗ ಡಾಕ್ಟರಬಾಯಿ, "ಇದನ್ನ ಒಯ್ರಿ, ಇದರ ಮ್ಯಾಲ ಕುಂತು ಮಾಡ್ರಿ," ಎಂದರು. ಮಾಲನಬಿ ನನ್ನನ್ನು ಮಗುವಿನ ಹಾಗೆ ಸೊಂಟಕ್ಕೇರಿಸಿಕೊಂಡು ನಡೆದಳು.

ಕೇಂದ್ರವೆಂದರೆ ತಗಡಿನ ಮಾಡು, ಸಾಲಾಗಿ ಮಣ್ಣಿನ ಒಲೆಗಳು, ಒಂದೊಂದು ಒಲೆಗೆ ಒಬ್ಬೊಬ್ಬ ಹೆಂಗಸು. ಬಂದ ಕೂಡಲೇ ನನ್ನ ಎದೆ ಹಾರಿತು, ನನಗೆ ಎದೆ ಇದ್ದಿದ್ದರೆ. ಅಲ್ಲಿ ಮರದ್ದೆಂಬುದೆಲ್ಲ ಒಲೆಗೇ ಹೋಗುತ್ತಿತ್ತು. ಮುರಿದ ತೊಟ್ಟಿಲು, ಹಳೆಯ ಬಾಗಿಲು, ಯಾರದೋ ಬಂಡಿಯ ಗಾಲಿ, ಎಲ್ಲವೂ ಮೂಲೆಯಲ್ಲಿ ಸರದಿಗೆ ಕಾದಿದ್ದವು. ಅವುಗಳ ಪಕ್ಕದಲ್ಲೇ ನನ್ನನ್ನು ಇಳಿಸಿದರು.

ಸಾಲದ್ದಕ್ಕೆ ಆ ಒಲೆಗೆ ನಾನು ಬಹಳ ಎತ್ತರವಾದೆ. ಒಲೆ ನೆಲದಲ್ಲಿ, ನಾನು ಮೇಲೆ. ಕೊನೆಗೆ ಬಂಗಾರೆವ್ವನ ಒಲೆಯನ್ನು ಇಟ್ಟಿಗೆ ಕಟ್ಟಿ ಏರಿಸಿದರು, ನನ್ನ ಕಾಲು ಕೊಯ್ದು ನನ್ನನ್ನು ಇಳಿಸಿದರು. ಕೊಯ್ದ ನಾಲ್ಕು ತುಂಡುಗಳಲ್ಲಿ ಮೂರನ್ನು ಯಾರೋ ಒಲೆಗೆ ಹಾಕಿದರು. ನನ್ನ ಕಾಲಿನ ಬೆಂಕಿಯಲ್ಲಿ ಬಂಗಾರೆವ್ವ ನನ್ನ ಮೇಲೆ ಕೂತು ಮೊದಲ ರೊಟ್ಟಿ ಬೇಯಿಸಿದಳು. ರೊಟ್ಟಿ ಉಬ್ಬಿತು. ಜಾಲಿಯ ತುಂಡು ಮಾತ್ರ ಬೇಗ ಹತ್ತಿಕೊಳ್ಳುವುದಿಲ್ಲವೆಂದು ಬಾಗಿಲಿಗೆ ಒತ್ತು ಕೊಡಲು ಇಟ್ಟುಕೊಂಡರು. ಈಗಲೂ ಅದು ಅಲ್ಲೇ ಇದೆ.

ಅಲ್ಲಿಂದ ಮುಂದೆ ನಾನು ನೋಡಿದ್ದನ್ನು ಹೇಗೆ ಹೇಳಲಿ? ಬಂಗಾರೆವ್ವ ಬಿಸಿನೀರು ಹಾಕಿ ಹಿಟ್ಟು ನಾದುವಾಗ ಮೈಯೆಲ್ಲ ಸೇರಿ ನಾದುತ್ತಿದ್ದಳು. ಬಡಿಯುವಾಗ ರೊಟ್ಟಿ ತಾನಾಗಿಯೇ ಅಗಲವಾಗುತ್ತ, ತಿರುಗುತ್ತ, ಹಲಗೆಯ ಅಂಚಿಗೆ ಬಂದು ನಿಲ್ಲುತ್ತಿತ್ತು. ಅವಳಲ್ಲಿ ಉಸಿರು ಸ್ವಲ್ಪವೇ ಇತ್ತು, ಅದನ್ನು ಅವಳು ಎಲ್ಲೂ ಚೆಲ್ಲುತ್ತಿರಲಿಲ್ಲ. ಹೂಂ ಅನ್ನುವ ಕಡೆ ಹುಬ್ಬು ಏರಿಸುವಳಂತೆ. ಬೈಯುವ ಕಡೆ ಹಂಚಿನ ಮೇಲೆ ಚಮಚೆ ಬಡಿಯುವಳು. ಆ ಸದ್ದಿಗೆ ಹೆಂಗಸರೆಲ್ಲ ನೆಟ್ಟಗಾಗುತ್ತಿದ್ದರು. ನಲ್ಲಿಗೆ ಹೋಗುವಾಗ ನನ್ನನ್ನು ನೂಕಿಕೊಂಡು ಹೋಗಿ, ನೀರು ತುಂಬುವ ತನಕ ಕೂತಿರುವಳು. ಯಾರಾದರೂ "ಪಾಪ" ಎಂದರೆ, "ಪಾಪ ಅನ್ನೂ ಹೊತ್ತಿನ್ಯಾಗ ಒಂದ ಕಟ್ಟಗಿ ಎತ್ತಿ ಇಡ," ಎನ್ನುವಳು.

ಸೋಮವಾರ ಶಿವನದು, ಬುಧವಾರ ಹಿಟ್ಟಿನ ಗಿರಣಿಗೆ ಹೋಗುವ ದಿನ, ಶುಕ್ರವಾರ ಮಾಲನಬಿ ನಮಾಜಿನ ಹೊತ್ತಿಗೆ ಬೇಗ ಮನೆಗೆ ಹೋಗುವ ದಿನ. ಗುಳಿಗೆಯ ವಾರಗಳು ಹಾಗೆ ನೆನಪಿರುತ್ತಿದ್ದವು. ಬೆನ್ನು ತಟ್ಟಿಯಾದ ಮೇಲೆ ಮಾಲನಬಿ ಬಂಗಾರೆವ್ವನ ಅಂಗೈಗೆ ಗುಳಿಗೆ ಇಟ್ಟು, ತಂಬಿಗೆಯನ್ನು ಪಕ್ಕಕ್ಕಿಟ್ಟು, ಹಿಟ್ಟಿನ ಚೀಲ ಬಿಚ್ಚಲು ಹೋಗುತ್ತಿದ್ದಳು.

ಒಂದು ವರ್ಷ ದೊಡ್ಡ ಸೋಂಕು ಬರಲಿಲ್ಲ. ಆದರೆ ದಣಿವು ಹೋಗಲಿಲ್ಲ. ಗುಳಿಗೆಯ ದಿನ ಹೊಟ್ಟೆ ತೊಳಸುತ್ತಿತ್ತು. ಒಲೆಯ ಹೊಗೆಯೂ ಹಾಗೇ ಇತ್ತು. ಕಟ್ಟಿಗೆ ಒಲೆ ಬಿಟ್ಟರೆ ರೊಟ್ಟಿಗೆ ಆ ರುಚಿ ಬರುವುದಿಲ್ಲವೆಂದು ಅವಳೇ ಹಟ ಹಿಡಿದಿದ್ದಳು. "ಒಲಿ ಬಿಟ್ರ ನಾ ಯಾರು?" ಎಂದು ಒಮ್ಮೆ ತನಗೆ ತಾನೇ ಅಂದುಕೊಂಡಿದ್ದನ್ನು ನಾನೊಬ್ಬನೇ ಕೇಳಿದ್ದೆ. ಅವಳ ಭಯವೆಲ್ಲ ಅದೇ ಆಗಿತ್ತು. ರೋಗದ ಭಯಕ್ಕಿಂತ, ಒಂದು ದಿನ ಇವರು ತನ್ನನ್ನು ಒಲೆಯ ಮುಂದಿನಿಂದ ಎಬ್ಬಿಸಿಬಿಡುತ್ತಾರೆ ಎಂಬ ಭಯ.

ಆ ವರ್ಷದ ಎಳ್ಳ ಅಮಾವಾಸ್ಯೆಗೆ ಎರಡು ತಿಂಗಳು ಮೊದಲೇ ಬಹಳ ಕಡೆಯಿಂದ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಕೇಳಿ ಬಂದಿದ್ದರು. ಹೊಲದ ಬೆಳೆಗೆ ಎಡೆ ಎರಚಿ ಚರಗ ಚೆಲ್ಲಲು ಹೋಗುವವರ ಬುತ್ತಿಗೆ ಬಂಗಾರೆವ್ವನ ಕೈಯ ರೊಟ್ಟಿ ಬೇಕಿತ್ತು. ಅವಳು ಎಲ್ಲರಿಗೂ ಹೂಂ ಎಂದುಬಿಟ್ಟಳು. ಪಕ್ಕದ ಒಲೆಯ ಹೆಂಗಸೊಬ್ಬಳು, "ಯಕ್ಕಾ, ಆ ಗುಳಿಗಿ ಭಾಳ ಉಷ್ಣ ಅಂತ. ದಿನಗಟ್ಟಲೆ ತಗೊಂಡ್ರ ಮೈಯಾಗಿನ ಕಸುವೆಲ್ಲ ಹೀರತಾವಂತ," ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಬಂಗಾರೆವ್ವ ಚಮಚೆ ಬಡಿಯಲಿಲ್ಲ. ಹಿಟ್ಟು ನಾದುತ್ತ ಕೇಳಿಸಿಕೊಂಡಳು.

ಮರುದಿನ ಮಾಲನಬಿ ಗುಳಿಗೆ ಕೊಟ್ಟು ಬೆನ್ನು ತಿರುಗಿಸಿದಾಗ ಬಂಗಾರೆವ್ವನ ಕೈ ಕೆಳಗೆ ಬಂತು. ಬೆರಳುಗಳು ನನ್ನ ಹಲಗೆಯ ಅಡಿಯಲ್ಲಿ ತಡವಿದವು. ಮೋನಪ್ಪ ಬಿಟ್ಟ ಸಂದು ಅವಳಿಗೆ ಸಿಕ್ಕಿತು. ಗುಳಿಗೆ ಅದರೊಳಗೆ ಸೇರಿತು.

ಅವಳು ನೀರು ಕುಡಿದಳು. ಬರೀ ನೀರು.

ಮೊದಮೊದಲು ಅವಳು ಚುರುಕಾದಳು. ಹೊಟ್ಟೆ ತಣ್ಣಗಾಯಿತು, ಊಟ ಸೇರಿತು. ಒಂದು ದಿನ ಮಾಲನಬಿಯ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, "ಇದನ್ನ ಉಟ್ಕೊಂಡ ಹೋಗಬಹುದು, ಅಷ್ಟ ದಪ್ಪ ಐತಿ," ಎಂದು ಹೀಯಾಳಿಸಿದಳು. ಎಷ್ಟೋ ದಿನದ ಮೇಲೆ ಅವಳ ಬಾಯಿಂದ ಅಷ್ಟು ಉದ್ದದ ಮಾತು ಬಂದಿತ್ತು. "ಗುಳಿಗಿ ಹಿಡಿಸ್ಯಾವು ನೋಡು ನಿನಗ!" ಎಂದು ಮಾಲನಬಿ ಖುಷಿಪಟ್ಟಳು. ಬಂಗಾರೆವ್ವ ತಲೆ ತಗ್ಗಿಸಿ ಹಿಟ್ಟು ನಾದಿದಳು. ನನ್ನ ಸಂದು ತುಂಬುತ್ತ ಬಂತು.

ಚಳಿ ಹೆಚ್ಚಾಯಿತು. ಅಂಬಲಿಯ ಸದ್ದು ಮತ್ತೆ ಶುರುವಾದುದು ಎಲ್ಲರಿಗಿಂತ ಮೊದಲು ನನಗೆ ಗೊತ್ತಾಯಿತು. ನನಗೆ ಬಾಯಿಲ್ಲ. ಆಮೇಲೆ ಕಫದ ಬಣ್ಣ ಬದಲಾಯಿತು; ಅವಳು ಅದನ್ನು ಬೂದಿಯಲ್ಲಿ ಮುಚ್ಚಿದಳು. ಬಡಿತದ ಲಯ ನಡುನಡುವೆ ನಿಂತು ನಿಂತು ಬರತೊಡಗಿತು. "ಯಾಕ?" ಎಂದರೆ, "ಸಜ್ಜಿ ಹಿಟ್ಟು, ಜಿಗಿ ಇಲ್ಲ," ಎನ್ನುವಳು.

ಅಮಾವಾಸ್ಯೆಗೆ ಮುಂಚಿನ ದಿನ ಎಲ್ಲ ಒಲೆಗಳೂ ಒಟ್ಟಿಗೆ ಉರಿಯುತ್ತಿದ್ದವು. ತಗಡಿನ ಮಾಡಿನ ಕೆಳಗೆ ಹೊಗೆ ಮೋಡದ ಹಾಗೆ ನಿಂತಿತ್ತು. ಬಂಗಾರೆವ್ವ ರೊಟ್ಟಿಯನ್ನು ಹಲಗೆಯಿಂದ ಎತ್ತಿ ಹಂಚಿನ ಕಡೆಗೆ ಬಾಗಿದಳು. ಎಲ್ಲ ಭಾರ ಒಮ್ಮೆಲೆ ಜಾಲಿಯ ಕಾಲಿನ ಮೇಲೆ ಬಂತು. ಅದು ತಡೆಯಿತು, ಅವಳನ್ನು ಒಲೆಯ ಕಡೆಗೆ ಬೀಳಗೊಡದೆ ಈಚೆಗೆ ವಾಲಿಸಿತು. ಅಷ್ಟು ನನ್ನಿಂದ ಆಯಿತು. ಅವಳು ಒಂದು ಕಡೆ ಬಿದ್ದಳು, ನಾನು ಇನ್ನೊಂದು ಕಡೆ ಉರುಳಿ ತಲೆಕೆಳಗಾದೆ.

ಉರುಳಿದ ಏಟಿಗೆ ನನ್ನ ಸಂದಿನಿಂದ ಬಿಳಿ ಗುಳಿಗೆಗಳು ಸುರಿದವು. ಹಿಟ್ಟು ಮೆತ್ತಿದ ನೆಲದ ಮೇಲೆ ಒಂದೊಂದಾಗಿ ಉರುಳಿ, ಕೆಲವು ಮಾಲನಬಿಯ ಕಾಲ ಬಳಿಗೇ ಹೋಗಿ ನಿಂತವು.

ಮಾಲನಬಿ ಒಂದನ್ನು ಎತ್ತಿ ನೋಡಿದಳು. ನನ್ನ ಸಂದು ನೋಡಿದಳು. ಗುಂಯ್ ಅನ್ನುವ ಅವಳ ಬಾಯಿ ಅಂದು ಸುಮ್ಮನಿತ್ತು. ಬಂಗಾರೆವ್ವನ ಮೈ ಕಾದ ಹಂಚಿನ ಹಾಗೆ ಸುಡುತ್ತಿತ್ತು, ತುಟಿ ನೀಲಿಯಾಗಿತ್ತು. ಆಟೋ ತಂದು, ನಾಲ್ಕು ಹೆಂಗಸರು ಹಿಡಿದು ಎತ್ತಿಕೊಂಡು ಹೋದರು. ಒಲೆಯ ಮೇಲಿದ್ದ ರೊಟ್ಟಿ ಕರಿಯಾಗಿ ಹೋಯಿತು.

ಅವಳು ದೊಡ್ಡ ಆಸ್ಪತ್ರೆಯಲ್ಲಿ ಬಹಳ ದಿನ ಇದ್ದಳು. ಎರಡು ದಿನ ಉಳಿಯುತ್ತಾಳೋ ಇಲ್ಲವೋ ಎಂಬ ಹಾಗಿತ್ತಂತೆ. ನರಕ್ಕೆ ಔಷಧಿ, ಮೂಗಿಗೆ ಗಾಳಿ. ನಾನು ಮಗುಚಿ ಬಿದ್ದಲ್ಲೇ ಇದ್ದೆ. ಯಾರೋ ನನ್ನನ್ನು ಎತ್ತಿ ಕಟ್ಟಿಗೆಯ ರಾಶಿಗೆ ಎಸೆದರು. ಬಂಡಿಯ ಗಾಲಿ ಅಷ್ಟರಲ್ಲಿ ಹೋಗಿಯಾಗಿತ್ತು, ಮುಂದಿನ ಸರದಿ ನನ್ನದಿತ್ತು.

ಒಂದು ಮಧ್ಯಾಹ್ನ ಮಾಲನಬಿ ಆಸ್ಪತ್ರೆಯಿಂದ ನೇರ ಬಂದಳು. ಕೈಯಲ್ಲಿ ಹಾರೆ ಇತ್ತು. ನನ್ನನ್ನು ನೋಡಿ, "ನೀ ಇರು, ಕಳ್ಳ ಸ್ಟೂಲ. ನಿನ್ನ ಆಮ್ಯಾಲ ನೋಡ್ಕೋತೀನಿ," ಎಂದಳು. ಆಮೇಲೆ ಬಂಗಾರೆವ್ವನ ಒಲೆಯ ಮುಂದೆ ನಿಂತಳು. ನಮ್ಮ ಕಡೆ ಬಳಕೆಯಲ್ಲಿರುವ ಒಲೆಯನ್ನು ಒಡೆಯುವುದು ದೊಡ್ಡ ಅಪಶಕುನ. ಹೆಂಗಸರು "ಬ್ಯಾಡ, ಬ್ಯಾಡ" ಎಂದರು. ಅವಳು ಕೇಳಲಿಲ್ಲ. ಮೊದಲು ಆ ಒಲೆಗೆ ಕೈ ಮುಗಿದಳು, ಆಮೇಲೆ ಹಾರೆ ಎತ್ತಿದಳು. ಇಟ್ಟಿಗೆ ಒಡೆದವು, ಮಣ್ಣು ಉದುರಿತು, ಒಳಗಿನ ಬೂದಿ ಎದ್ದು ಅವಳ ಮುಖಕ್ಕೆ ಬಡಿಯಿತು. ತನ್ನ ಒಲೆಯನ್ನೂ ಒಡೆದಳು. ಅಷ್ಟು ಹೊತ್ತಿಗೆ ಉಳಿದವರೂ ತಂತಮ್ಮ ಒಲೆಗೆ ಕೈ ಹಚ್ಚಿದ್ದರು.

ಗ್ಯಾಸಿನ ಒಲೆಗಳು ಬಂದವು. ಗೋಡೆಗೆ ದೊಡ್ಡ ಕಿಟಕಿ ಒಡೆದರು. ಸುಡಲು ಇನ್ನು ಕಟ್ಟಿಗೆ ಬೇಕಿರಲಿಲ್ಲ, ನಾನು ಉಳಿದುಕೊಂಡೆ.

ಬಂಗಾರೆವ್ವ ತಿರುಗಿ ಬಂದ ದಿನ ಬಾಗಿಲಲ್ಲೇ ನಿಂತಳು. ಖಾಲಿ ನೆಲ ನೋಡಿದಳು. ಅವಳ ಒಲೆ ಇದ್ದ ಕಡೆ ಮಣ್ಣಿನ ಗುರುತು ಮಾತ್ರ ಇತ್ತು. ಮಾಲನಬಿ ನನ್ನನ್ನು ಎಳೆದು ತಂದು ಅವಳ ಹಿಂದೆ ಇಟ್ಟು, "ಕುಂದರು," ಎಂದಳು. ಅವಳು ಕೂತಳು. ಮೊದಲಿಗಿಂತಲೂ ಹಗುರಾಗಿದ್ದಳು.

"ಯಾಕ ಹಂಗ ಮಾಡಿದಿ? ನನಗ ಹೇಳಬೇಕಿಲ್ಲೇನ?" ಎಂದಳು ಮಾಲನಬಿ. "ದಿನಾ ನಿನ್ನ ಬೆನ್ನು ತಟ್ಟತಿದ್ದೆ. ಬೆನ್ನಿಗೆ ಕೈ ಇಟ್ಟಾಕಿಗೆ ಸುಳ್ಳು ಹೇಳ್ತಾರೇನು?"

ಬಂಗಾರೆವ್ವ ಉಸಿರು ಕೂಡಿಸಿಕೊಂಡಳು.

"ಅದಕ್ಕ ಹೇಳಲಿಲ್ಲ. ನೀ ಕೈ ನೋಯಿಸಿಕೊಂಡು ತಟ್ಟಾಕಿ. ನಿನಗ ಹೆಂಗ ಹೇಳ್ಲಿ ನನಗ ಸಾಕಾಗೈತಿ ಅಂತ." ಮತ್ತೆ ಉಸಿರು ಎಳೆದುಕೊಂಡಳು. "ನೀವೆಲ್ಲ ಚೊಲೊ ಆದಿ, ಚೊಲೊ ಆದಿ ಅಂತಿದ್ರಿ. ದಣವು ಹೋಗಿಲ್ಲ ಅಂದ್ರ ಒಲಿ ಮುಂದಿಂದ ಎಬ್ಬಸ್ತೀರಿ ಅಂತ ಅಂಜಿದೆ. ಈಗ ಒಲಿನ ಇಲ್ಲ."

"ಒಲಿ ಒಡದಾಕಿ ನಾನ. ನಿನ್ನ ಎಬ್ಬಿಸಿಲ್ಲ. ಹೊಗಿ ಎಬ್ಬಿಸೀನಿ."

"ಗ್ಯಾಸಿನ ರೊಟ್ಟಿ ಯಾರ ತಿಂತಾರ?"

"ನೀ ಬಡದ್ರ ತಿಂತಾರ. ನಾ ಬಡದದ್ದನ್ನ ಹೆಂಗೂ ಉಟ್ಕೊಂಡ ಹೋಗ್ತಾರ."

ಬಂಗಾರೆವ್ವ ನಕ್ಕಳು. ಅಳು ಅದರ ಬೆನ್ನಿಗೇ ಬಂತು. ಎರಡಕ್ಕೂ ಅವಳಲ್ಲಿ ಉಸಿರಿರಲಿಲ್ಲ, ಆದರೂ ಎರಡನ್ನೂ ಮಾಡಿದಳು.

ಇಬ್ಬರೂ ಡಾಕ್ಟರಬಾಯಿಯ ಹತ್ತಿರ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಂದರು. ಡಾಕ್ಟರಬಾಯಿ ಬೈಯಲಿಲ್ಲವಂತೆ. ಹೊಟ್ಟೆ ತೊಳಸಿದರೆ ಊಟವಾದ ಮೇಲೆ ತಗೊಳ್ರಿ ಎಂದರಂತೆ. ಕಫ, ಕಿವಿ, ಎದೆಬಡಿತ ಎಲ್ಲ ಮತ್ತೆ ನೋಡಿ ಆ ಗುಳಿಗೆಯನ್ನೇ ಮತ್ತೆ ಶುರು ಮಾಡಿದರು. ದಣಿವಿನ ಬಗ್ಗೆ ಮಾತ್ರ ಸುಳ್ಳು ಸಮಾಧಾನ ಹೇಳಲಿಲ್ಲ. "ಪೂರ್ತಿ ಹೋಗತದ ಅಂತ ನಾ ಹೇಳಂಗಿಲ್ಲ. ಆದರ ಅದನ್ನ ಮುಚ್ಚಿಟ್ಟು ಒಬ್ಬರ ಹೊರಬ್ಯಾಡ್ರಿ," ಎಂದರಂತೆ. ಮಾಲನಬಿ ಇದನ್ನು ಗಲ್ಲಿಯ ಎಲ್ಲರಿಗೂ ಹೇಳಿದ್ದರಿಂದ ನನಗೂ ಗೊತ್ತಾಯಿತು.

ಈಗ ಬಂಗಾರೆವ್ವ ದಿನಕ್ಕೆ ಕೆಲವೇ ರೊಟ್ಟಿ ಬಡಿಯುತ್ತಾಳೆ. ಮೈ ಹೂಂ ಎಂದ ದಿನ ಇನ್ನೊಂದಿಷ್ಟು. ಉಹುಂ ಎಂದ ದಿನ ಒಂದೂ ಇಲ್ಲ. "ಇವತ್ತ ಆಗಂಗಿಲ್ಲ," ಎಂದು ಬಾಯಿಬಿಟ್ಟು ಹೇಳಲು ಅವಳು ಕಲಿತಳು. ರೊಟ್ಟಿ ಬಡಿಯುವುದನ್ನು ಕಲಿತದ್ದಕ್ಕಿಂತ ಇದನ್ನು ಕಲಿಯುವುದು ಅವಳಿಗೆ ಕಷ್ಟವಾಯಿತು ಎಂದು ನನಗೆ ಗೊತ್ತು, ಆ ಮಾತು ಹೇಳುವಾಗ ಮೊದಮೊದಲು ಅವಳ ಕಾಲುಗಳು ನೆಲವನ್ನು ಹೇಗೆ ಒತ್ತುತ್ತಿದ್ದವು ಎಂದು ನೋಡಿದ್ದೇನೆ. ಉಳಿದ ಹೊತ್ತು ದೊಡ್ಡ ಕಿಟಕಿಯ ಪಕ್ಕ ಕೂತು ಹೊಸಬರ ಬಡಿತ ಆಲಿಸುತ್ತಾಳೆ. ತಿರುಗಿ ನೋಡದೆಯೇ, "ಆ ಕಡಿ ಒಲಿ, ಅಂಚು ಸೀಳತೈತಿ ನೋಡ," ಎನ್ನುತ್ತಾಳೆ. ಸೀಳಿರುತ್ತದೆ. ಕೇಂದ್ರದ ರೊಟ್ಟಿ ಈಗಲೂ ಚಟ್ ಎಂದು ಮುರಿಯುತ್ತದೆ. ಕಟ್ಟಿಗೆಯ ರುಚಿ ಇಲ್ಲವೆಂದು ಕೆಲವರು ಹೇಳಿದರು, ಆಮೇಲೆ ಬಂದು ಕಟ್ಟಿಸಿಕೊಂಡು ಹೋದರು.

ನನಗೂ ವಯಸ್ಸಾಯಿತು. ಬಿಳಿ ಬಣ್ಣದಡಿಯಿಂದ ಕಪ್ಪು ಕಾಣುತ್ತದೆ, ಕಪ್ಪಿನಡಿಯಿಂದ ಬೇವು. ಹಲಗೆ ನಡುವೆ ಬಿರಿದಿದೆ. ಒಂದು ಬೇವಿನ ಕಾಲಿಗೆ ಹುಳು ಹತ್ತಿದೆ. ಮೊನ್ನೆ ಹೊಸದಾಗಿ ಸೇರಿದವಳೊಬ್ಬಳು ಪ್ಲಾಸ್ಟಿಕ್ ಸ್ಟೂಲು ತಂದು, "ಇದನ್ನ ಹೊರಗ ಒಗೀಲೇನ್ರಿ?" ಎಂದು ಕೇಳಿದಳು.

"ಒಗಿ," ಎಂದಳು ಮಾಲನಬಿ. "ಕಳ್ಳ ಅದು."

"ಇರಲಿ," ಎಂದಳು ಬಂಗಾರೆವ್ವ. ಹಗ್ಗ ತರಿಸಿ, ಹುಳು ಹತ್ತಿದ ಕಾಲನ್ನು ಜಾಲಿಯ ಕಾಲಿಗೆ ತಾನೇ ಬಿಗಿದು ಕಟ್ಟಿದಳು. ನನ್ನ ಸಂದಿಗೆ ಮಾತ್ರ ಮಾಲನಬಿ ನಾದಿದ ಹಿಟ್ಟು ತುರುಕಿ ಮುಚ್ಚಿದಳು. ಒಣಗಿ ಅದು ಕಲ್ಲಾಗಿದೆ.

ಇನ್ನು ಯಾರೂ ನನ್ನ ಮೇಲೆ ಪೂರ್ತಿ ಭಾರ ಬಿಡುವುದಿಲ್ಲ. ಈಗ ನನಗೆ ಒಂದೇ ಕೆಲಸ. ಮುಂಜಾನೆ ಒಲೆ ಹಚ್ಚುವ ಮೊದಲು ಬಂಗಾರೆವ್ವ ನೆಲದ ಮೇಲೆ ಕೂತು, ನನ್ನ ಮೇಲೊಂದು ಮಡಚಿದ ಕೌದಿ ಹಾಕಿ, ಎದೆಯನ್ನು ನನಗೆ ಆನಿಸಿ ಬಾಗುತ್ತಾಳೆ. ದತ್ತೋಬಾನ ಸ್ಟುಡಿಯೋದಲ್ಲಿ ನಾನು ಎಷ್ಟೋ ಜನ ಉಸಿರು ಹಿಡಿದದ್ದನ್ನು ಹೊತ್ತಿದ್ದೆ. ಇವಳು ತನ್ನ ಉಸಿರನ್ನು ನನ್ನ ಮೇಲೆ ಬಿಡುತ್ತಾಳೆ. ಹಿಂದೆ ಮಾಲನಬಿ ಮಂಡಿಯೂರಿ ಕೂತು ಅಂಗೈ ಬೊಗಸೆ ಮಾಡುತ್ತಾಳೆ. ಉಳಿದ ಹೆಂಗಸರು ಹಿಟ್ಟು ತೋಡಿಕೊಂಡು, ನೀರು ಕಾಯಿಸಿಕೊಂಡು ಕಾಯುತ್ತಾರೆ. ಡುಬ್, ಡುಬ್, ಡುಬ್.

ಈ ಕೇಂದ್ರದಲ್ಲಿ ದಿನದ ಮೊದಲ ಬಡಿತ ರೊಟ್ಟಿಯದಲ್ಲ. ಬಂಗಾರೆವ್ವನ ಬೆನ್ನಿನದು ಮುಗಿದ ಮೇಲೆಯೇ ರೊಟ್ಟಿ.